ಪೋಕರ್‌ನಲ್ಲಿ ಬಬಲ್ ಹತ್ತಿರ ದೊಡ್ಡ ಸ್ಟ್ಯಾಕ್‌ನವನು (ಚಿಪ್ಸ್ ಜಾಸ್ತಿ ಇರುವವನು) ಆಲ್-ಇನ್ ಅಂದರೆ ಎಕ್ಕ-ಗುಲಾಮ ಇಟ್ಟುಕೊಂಡು ಏನು ಮಾಡಬೇಕು?

ಪ್ರಶ್ನೆ: ನಮಸ್ಕಾರ ಸರ. ನಾನು ಕಲಬುರಗಿಯವನು, ನೆಹರು ಗಂಜ್‌ನಲ್ಲಿ ಒಂದು ಅಡತ್ ಅಂಗಡಿಯ ಲೆಕ್ಕ ಬರೀತೀನಿ. ಭಾನುವಾರ ಸೇಡಂ ರೋಡಿನ ಗೆಳೆಯನ ಮನೆಯಲ್ಲಿ ಆರೇಳು ಮಂದಿ ಸೇರಿ ಪೋಕರ್ ಆಡ್ತೀವಿ. ರೊಕ್ಕ ಇಡಲ್ರಿ, ಬರೀ ಚಿಪ್ಸ್. ಮೊನ್ನೆ ಗೋವಾದಾಗ ಒಂದು ಟೂರ್ನಮೆಂಟ್ ಆಡಿದೆ. 16 ಮಂದಿ ಉಳಿದಿದ್ವಿ, ಬಹುಮಾನ 15 ಮಂದಿಗೆ. ಅಂದ್ರ ಬಬಲ್, ಇನ್ನೊಬ್ಬ ಹೊರಗೆ ಹೋದ್ರ ಉಳಿದವರಿಗೆಲ್ಲ ಬಹುಮಾನ. ಎರಡು ಟೇಬಲ್. ಬ್ಲೈಂಡ್ (ಎಲೆ ನೋಡೋ ಮೊದಲೇ ಇಬ್ಬರು ಕಟ್ಟೋ ಪಣ, ಸ್ಮಾಲ್ ಮತ್ತ ಬಿಗ್) 1,000-2,000, ಅದರ ಮೇಲೆ ಬಿಗ್ ಬ್ಲೈಂಡ್ ಕೂತವನೇ 2,000 ಆ್ಯಂಟಿ (ಎಲ್ಲರ ಪರವಾಗಿ ನಡುವೆ ಹಾಕೋದು) ಕಟ್ಟಬೇಕು. ನನ್ನ ಹತ್ತಿರ 44,000. ನಮ್ಮ ಟೇಬಲ್ಲಿನಾಗ ಒಬ್ಬನ ಹತ್ತಿರ ಒಂದೂವರೆ ಲಕ್ಷ ಇತ್ತು, ಅವ ಯಾರಿಗೂ ಆಡಾಕ ಬಿಡಲಿಲ್ಲ. ನಾ ಬಿಗ್ ಬ್ಲೈಂಡ್ ಇದ್ದಾಗ ಅವ ಬಟನ್‌ನಿಂದ (ಎಲೆ ಹಂಚೋನ ಜಾಗ, ಸ್ಮಾಲ್ ಬ್ಲೈಂಡ್‌ನವನ ಬಲಕ್ಕೆ) ಸೀದಾ ಆಲ್-ಇನ್, ಅಂದ್ರ ಇದ್ದ ಚಿಪ್ಸ್ ಎಲ್ಲಾ ಒಳಗೆ, ಅಂದ. ನನ್ನ ಎಲೆ ಎಕ್ಕ-ಗುಲಾಮ, ಬೇರೆ ಬೇರೆ ಬಣ್ಣ. ನಾನೂ ಇದ್ದದ್ದೆಲ್ಲ ಹಾಕಿ ಕಾಲ್ ಮಾಡಿದೆ. ಅವನ ಹತ್ತಿರ ಇಸ್ಪೀಟಿನ ರಾಜ-ಎಂಟು. ನಾನೇ ಮುಂದಿದ್ದೆ! ಆದ್ರ ರಿವರ್‌ನಲ್ಲಿ (ಮೇಜಿನ ಮೇಲೆ ಬೀಳೋ ಐದನೇ, ಕೊನೆ ಎಲೆ) ರಾಜ ಬಿದ್ದು ಹೊರಗೆ ಹೋದೆ. ನನ್ನ ಎಡಕ್ಕೆ ಕೂತವನ ಹತ್ತಿರ 6,000 ಇತ್ತು, ಆ ಕಡೆ ಟೇಬಲ್ಲಿನಾಗ ಒಬ್ಬನ ಹತ್ತಿರ 10,000. ಗೆಳೆಯರು "ಬಬಲ್ ಒಡೆಯೋ ತನಕ ಎಲ್ಲಾ ಎಲೆ ಬಿಟ್ಟು ಫೋಲ್ಡ್ ಮಾಡಬೇಕಿತ್ತು" ಅಂತಾರ. ಹೌದೇನ್ರಿ? ಇಂಥವನ ಎದುರು ಆಡೋದು ಹೆಂಗ?

ಉತ್ತರ: ಆ ಒಂದು ಹ್ಯಾಂಡ್‌ನಲ್ಲಿ (ಒಂದು ಸಲ ಎಲೆ ಹಂಚಿದ ಆಟದಲ್ಲಿ) ಫೋಲ್ಡ್ ಮಾಡಬೇಕಿತ್ತು. ಆದರೆ ನಿಮ್ಮ ಗೆಳೆಯರು ಹೇಳುವ ಕಾರಣಕ್ಕಲ್ಲ. ಎಲ್ಲಾ ಫೋಲ್ಡ್ ಮಾಡುತ್ತಾ ಕೂತಿದ್ದರೂ ನೀವು ಕಳೆದುಕೊಳ್ಳುತ್ತಿದ್ದಿರಿ, ಸ್ವಲ್ಪ ನಿಧಾನವಾಗಿ ಅಷ್ಟೆ.

ನಿಮ್ಮ ಪತ್ರದಲ್ಲಿ "ನಾನೇ ಮುಂದಿದ್ದೆ" ಅನ್ನುವ ಮಾತಿದೆಯಲ್ಲ, ಅಲ್ಲಿಂದಲೇ ಶುರು ಮಾಡೋಣ. ಮುಂದಿದ್ದಿರಿ, ನಿಜ. ಎಕ್ಕ-ಗುಲಾಮ ರಾಜ-ಎಂಟರ ಎದುರು ನೂರಕ್ಕೆ 60ರ ಹತ್ತಿರ ಗೆಲ್ಲುತ್ತದೆ. ಮಾಮೂಲಿ ಆಟದಲ್ಲಿ ಅಷ್ಟು ಸಾಕು, ಸಾಕಷ್ಟೇ ಅಲ್ಲ, ಖುಷಿಯಿಂದ ಕಾಲ್ ಮಾಡುವ ಪರಿಸ್ಥಿತಿ. ಬಬಲ್‌ನಲ್ಲಿ ಪ್ರಶ್ನೆ ಬೇರೆ: ಎಷ್ಟು ಮುಂದಿದ್ದರೆ ಸಾಕು?

ಚಿಪ್ಸ್ ಲೆಕ್ಕ ಮೊದಲು. ಬ್ಲೈಂಡ್, ಆ್ಯಂಟಿ ಕಟ್ಟಿದ ಮೇಲೆ ನಿಮ್ಮ ಮುಂದೆ 40,000 ಉಳಿದಿತ್ತು. ಅವನ ಆಲ್-ಇನ್‌ನಲ್ಲಿ ನಿಮಗೆ ಲೆಕ್ಕಕ್ಕೆ ಬರುವುದು 42,000, ನಿಮ್ಮ 40,000 ಮತ್ತು ಬ್ಲೈಂಡ್ 2,000ಕ್ಕೆ ಸಮ. ಅದರ ಜೊತೆ ನಿಮ್ಮ ಬ್ಲೈಂಡ್ 2,000, ಆ್ಯಂಟಿ 2,000, ಸ್ಮಾಲ್ ಬ್ಲೈಂಡ್‌ನವನು ಬಿಟ್ಟುಹೋದ 1,000. ಒಟ್ಟು 47,000. ಅದನ್ನು ಗೆಲ್ಲಲು 40,000 ಹಾಕಬೇಕು. ಬರೀ ಚಿಪ್ಸ್ ನೋಡಿದರೆ ನೂರಕ್ಕೆ 46 ಸಲ ಗೆದ್ದರೂ ನಷ್ಟವಿಲ್ಲ. ನಿಮ್ಮ ತಲೆಯಲ್ಲಿ ಆಗ ಓಡಿದ್ದು ಹೆಚ್ಚುಕಡಿಮೆ ಇದೇ ಲೆಕ್ಕ ಇರಬೇಕು.

ಆದರೆ ಟೂರ್ನಮೆಂಟ್‌ನಲ್ಲಿ ಚಿಪ್ಸ್ ಅನ್ನು ಕೌಂಟರ್‌ಗೆ ಕೊಟ್ಟು ರೊಕ್ಕ ತಗೊಂಡು ಬರೋಕೆ ಆಗಲ್ಲ. ಚಿಪ್ಸ್ ಬೆಲೆ ಬಹುಮಾನದ ಮೂಲಕ ಮಾತ್ರ ಬರುತ್ತದೆ. ನಿಮ್ಮ ಹತ್ತಿರ ಇರುವ ಚಿಪ್ಸ್ ಡಬಲ್ ಆದರೆ ನಿಮಗೆ ಬರಬಹುದಾದ ಬಹುಮಾನ ಡಬಲ್ ಆಗಲ್ಲ. ಚಿಪ್ಸ್ ಪೂರ್ತಿ ಹೋದರೆ ಮಾತ್ರ ಬಹುಮಾನವೂ ಪೂರ್ತಿ ಹೋಗುತ್ತದೆ. ಗೆದ್ದ ಚಿಪ್ಸ್‌ಗಿಂತ ಸೋತ ಚಿಪ್ಸ್ ತುಟ್ಟಿ. ಬಬಲ್ ಹತ್ತಿರ ಬಂದಷ್ಟೂ ಈ ವ್ಯತ್ಯಾಸ ಜಾಸ್ತಿಯಾಗುತ್ತದೆ.

ಇದನ್ನು ಅಳೆಯುವ ಲೆಕ್ಕಕ್ಕೆ ಪೋಕರ್ ಆಡುವವರು ಐಸಿಎಂ (ಇಂಡಿಪೆಂಡೆಂಟ್ ಚಿಪ್ ಮಾಡೆಲ್) ಅಂತಾರೆ. ಇದರ ಮೂಲ ಸೂತ್ರ ಕುದುರೆ ರೇಸ್ ಕಡೆಯಿಂದ ಬಂದದ್ದು. 1973ರಲ್ಲಿ ಡೇವಿಡ್ ಹಾರ್ವಿಲ್ ಅನ್ನುವವರು, ಯಾವ ಕುದುರೆ ಎರಡನೇ, ಮೂರನೇ ಸ್ಥಾನಕ್ಕೆ ಬರಬಹುದು ಅಂತ ಅಂದಾಜು ಮಾಡಲು ಕೊಟ್ಟ ಸೂತ್ರ. 1987ರಲ್ಲಿ ಮೇಸನ್ ಮಾಲ್ಮತ್ ಅದನ್ನು ಪೋಕರ್‌ಗೆ ತಂದರು. ವಿಷಯ ಸರಳ: ಒಟ್ಟು ಚಿಪ್ಸ್‌ನಲ್ಲಿ ನಿಮ್ಮ ಪಾಲು ಎಷ್ಟೋ ನೀವು ಮೊದಲು ಬರುವ ಸಾಧ್ಯತೆಯೂ ಅಷ್ಟೇ. ಮೊದಲನೆಯವನನ್ನು ತೆಗೆದುಹಾಕಿ, ಉಳಿದ ಚಿಪ್ಸ್‌ನಲ್ಲಿ ನಿಮ್ಮ ಪಾಲು ನೋಡಿದರೆ ಎರಡನೇ ಸ್ಥಾನದ ಸಾಧ್ಯತೆ ಸಿಗುತ್ತದೆ. ಹೀಗೇ ಕೆಳಗೆ ಇಳಿಯುವುದು. ಪ್ರತಿ ಸ್ಥಾನದ ಸಾಧ್ಯತೆಗೆ ಆ ಸ್ಥಾನದ ಬಹುಮಾನ ಗುಣಿಸಿ ಕೂಡಿದರೆ ಈಗಿನ ನಿಮ್ಮ ಚಿಪ್ಸ್‌ನ ಬೆಲೆ.

ನೀವು ಲೆಕ್ಕದವರು, ಹಾಗಾಗಿ ಒಂದು ಉದಾಹರಣೆ ಪೂರ್ತಿ ಮಾಡಿ ತೋರಿಸುತ್ತೇನೆ. ಬೇಸರ ಮಾಡಿಕೊಳ್ಳಬೇಡಿ, ಉಳಿದದ್ದೆಲ್ಲ ಇದರ ಮೇಲೇ ನಿಂತಿದೆ.

ಕೊನೆಗೆ 4 ಮಂದಿ ಉಳಿದಿದ್ದಾರೆ, ಬಹುಮಾನ 3 ಮಂದಿಗೆ ಅಂತ ಇಟ್ಟುಕೊಳ್ಳಿ. ಮೊದಲನೆಯವನಿಗೆ 50 ಅಂಕ, ಎರಡನೆಯವನಿಗೆ 30, ಮೂರನೆಯವನಿಗೆ 20. ನಾಲ್ಕನೆಯವನಿಗೆ ಏನಿಲ್ಲ. ದೊಡ್ಡವನ ಹತ್ತಿರ 50,000 ಚಿಪ್ಸ್, ನಿಮ್ಮ ಹತ್ತಿರ 30,000, ಉಳಿದ ಇಬ್ಬರು ಸಣ್ಣವರ ಹತ್ತಿರ ತಲಾ 10,000. ಈ ಘಳಿಗೆಯಲ್ಲಿ ನೀವು ಮೊದಲು ಬರುವ ಸಾಧ್ಯತೆ ನೂರಕ್ಕೆ 30. ಎರಡನೇ ಸ್ಥಾನ ಸುಮಾರು 36.7, ಮೂರನೇ ಸ್ಥಾನ ಸುಮಾರು 24.2. ಬಹುಮಾನ ಗುಣಿಸಿ ಕೂಡಿದರೆ ನಿಮ್ಮ ಚಿಪ್ಸ್ ಬೆಲೆ 30.8 ಅಂಕ. ಚಿಪ್ಸ್‌ನಲ್ಲಿ ನಿಮ್ಮ ಪಾಲು 30, ಬೆಲೆ 30.8. ಇಲ್ಲಿಯವರೆಗೆ ವಿಶೇಷ ಏನಿಲ್ಲ.

ಈಗ ದೊಡ್ಡವನು ಆಲ್-ಇನ್ ಅಂದ, ನೀವು ಕಾಲ್ ಮಾಡಿದಿರಿ. ಗೆದ್ದರೆ ನಿಮ್ಮ ಹತ್ತಿರ 60,000, ಅವನ ಹತ್ತಿರ 20,000. ಮತ್ತೆ ಲೆಕ್ಕ ಹಾಕಿ. ನಿಮ್ಮ ಬೆಲೆ 40.5 ಅಂಕ. ಚಿಪ್ಸ್ ಡಬಲ್ ಆಯಿತು, ಬೆಲೆ 30.8ರಿಂದ 40.5ಕ್ಕೆ ಏರಿತು ಅಷ್ಟೆ. ಸೋತರೆ? ಸೊನ್ನೆ. ಹತ್ತು ಅಂಕ ಕೂಡ ಸಿಗದ ಗೆಲುವಿಗೆ ಮೂವತ್ತು ಅಂಕ ಪಣಕ್ಕಿಟ್ಟ ಹಾಗಾಯಿತು. ಹಾಗಾಗಿ ಈ ಕಾಲ್ ಸರಿಹೋಗಬೇಕಾದರೆ, ಬ್ಲೈಂಡ್‌ಗಳ ಲೆಕ್ಕ ಬಿಟ್ಟರೆ, ನೀವು ನೂರಕ್ಕೆ 76 ಸಲ ಗೆಲ್ಲಬೇಕು.

ನೂರಕ್ಕೆ 76 ಅಂದರೆ ಎಂಥ ಎಲೆ ಬೇಕು ಗೊತ್ತಾ? ಎದುರಿನವನು ಎಲೆ ನೋಡದೇ, ಕಣ್ಣು ಮುಚ್ಚಿಕೊಂಡು ಆಲ್-ಇನ್ ಹಾಕಿದ್ದಾನೆ ಅಂತಲೇ ಅಂದುಕೊಳ್ಳಿ. ಅವನ ಕೈಲಿ ಯಾವ ಎರಡು ಎಲೆಯಾದರೂ ಇರಬಹುದು. ಆಗ ಎಕ್ಕ-ಗುಲಾಮ ಗೆಲ್ಲುವುದು ನೂರಕ್ಕೆ 64ರ ಹತ್ತಿರ. ಎಕ್ಕ-ರಾಜ ಸುಮಾರು 65. ಜೋಡಿ ಹತ್ತು 75. ಇವು ಯಾವುವೂ ಸಾಲಲ್ಲ. ಜೋಡಿ ಗುಲಾಮ ಬಂದರೆ 77, ಅದು ದಾಟುತ್ತದೆ. ಬ್ಲೈಂಡ್, ಆ್ಯಂಟಿ ಸೇರಿಸಿದರೆ ಗೆರೆ ಸ್ವಲ್ಪ ಕೆಳಗಿಳಿಯುತ್ತದೆ, ಜೋಡಿ ಹತ್ತು ಒಳಗೆ ಬರಬಹುದು. ಆದರೂ ಕಣ್ಣು ಮುಚ್ಚಿ ಆಡುವವನ ಎದುರು ಎಕ್ಕ-ರಾಜ ಫೋಲ್ಡ್! ಮೊದಲ ಸಲ ಕೇಳಿದವರು ಯಾರೂ ನಂಬಲ್ಲ. ಪೇಪರ್ ಮೇಲೆ ನೀವೇ ಗುಣಿಸಿ ನೋಡಿ.

ಇದೇ ಲೆಕ್ಕವನ್ನು ದೊಡ್ಡವನ ಕುರ್ಚಿಯಲ್ಲಿ ಕೂತು ಮಾಡಿ. ಅವನ ಬೆಲೆ ಈಗ 37.6. ನಿಮ್ಮನ್ನು ಸೋಲಿಸಿದರೆ 45.8. ನಿಮಗೆ ಸೋತರೆ 26.2. ಅವನಿಗೆ ಬೇಕಾದದ್ದು ನೂರಕ್ಕೆ 58 ಗೆಲುವು, ನಿಮಗೆ 76. ಒಂದೇ ಪಾಟ್ (ಪಣದ ರಾಶಿ), ಒಂದೇ 30,000 ಚಿಪ್ಸ್, ಆದರೆ ಆ ಚಿಪ್ಸ್ ಸೋತರೆ ಅವನು ಇನ್ನೂ ಆಟದಲ್ಲಿರುತ್ತಾನೆ, ನೀವು ಚಪ್ಪಲಿ ಹಾಕಿಕೊಂಡು ಹೊರಡುತ್ತೀರಿ. ಗಂಜ್‌ನಲ್ಲಿ ದಿನಾ ನೋಡುತ್ತೀರಲ್ಲ, ತೊಗರಿ ರೇಟು ಬಿದ್ದ ದಿನ ಗೋದಾಮು ಇರುವವನು ತಡೀತಾನೆ, ಸಾಲದ ಕಂತು ತುಂಬಬೇಕಾದ ರೈತ ಆ ರೇಟಿಗೇ ಮಾರಿ ಹೋಗುತ್ತಾನೆ. ದೊಡ್ಡ ಸ್ಟ್ಯಾಕ್‌ನವನ ಬಲ ಅದೇ. ಅವನ ಎಲೆಗೂ ಅದಕ್ಕೂ ಸಂಬಂಧವಿಲ್ಲ. ನೀವು ಫೋಲ್ಡ್ ಮಾಡುವುದೇ ಸರಿ ಅಂತ ಅವನಿಗೂ ಗೊತ್ತು, ಅದಕ್ಕೇ ರಾಜ-ಎಂಟು ಇಟ್ಟುಕೊಂಡು ಆಲ್-ಇನ್ ಅನ್ನುತ್ತಾನೆ.

ಇನ್ನೊಂದು ಮಜಾ ನೋಡಿ. ಆ ಇಬ್ಬರು ಸಣ್ಣವರ ಬೆಲೆ ಈಗ ತಲಾ 15.8. ನೀವು ಕಾಲ್ ಮಾಡಿ ಸೋತರೆ ಅದು ಒಂದೇ ಏಟಿಗೆ 27.1 ಆಗುತ್ತದೆ. ಒಂದು ಚಿಪ್ ಕೂಡ ಹಾಕದೆ! ನೀವು ಗೆದ್ದರೂ ಅವರ ಬೆಲೆ 16.7ಕ್ಕೆ ಏರುತ್ತದೆ. ಅಂದರೆ ನೀವಿಬ್ಬರೂ ಕಾದಾಡಿದರೆ ಯಾರೇ ಗೆಲ್ಲಲಿ, ಲಾಭದ ಪಾಲೊಂದು ಕೂತು ನೋಡುತ್ತಿರುವವರ ಕಡೆಗೆ ಹೋಗುತ್ತದೆ. "ಅವನಿಗೆ ಬುದ್ಧಿ ಕಲಿಸ್ತೀನಿ" ಅಂತ ಕಾಲ್ ಮಾಡುವವರ ಫೀಸನ್ನು ಪಕ್ಕದವರು ವಸೂಲಿ ಮಾಡುತ್ತಾರೆ.

ಈಗ ನಿಮ್ಮ ಹ್ಯಾಂಡ್‌ಗೆ ಬರೋಣ. 16 ಮಂದಿ ಇದ್ದು 15 ಮಂದಿಗೆ ಬಹುಮಾನ ಇರುವಾಗ ಒತ್ತಡ ನನ್ನ 4 ಮಂದಿ ಉದಾಹರಣೆಯಷ್ಟು ಇರಲ್ಲ. 15ನೇ ಬಹುಮಾನ ಸಣ್ಣದು, ದೊಡ್ಡ ರೊಕ್ಕ ಮೇಲಿನ ಮೂರ್ನಾಲ್ಕು ಸ್ಥಾನದಲ್ಲಿರುತ್ತದೆ. ಅಂಥ ಕಡೆ ಸೋತ ಚಿಪ್ಸ್ ಗೆದ್ದ ಚಿಪ್ಸ್‌ಗಿಂತ ಒಂದೂವರೆಯಿಂದ ಎರಡು ಪಟ್ಟು ತುಟ್ಟಿ ಅಂತ ಹಿಡಿದರೆ ನಿಮಗೆ ಬೇಕಾದ ಗೆಲುವು 46 ಅಲ್ಲ, ನೂರಕ್ಕೆ 56ರಿಂದ 63ರ ನಡುವೆ ಎಲ್ಲೋ ಬರುತ್ತದೆ. ನಿಮ್ಮ ಎಕ್ಕ-ಗುಲಾಮ ಅವನ ರಾಜ-ಎಂಟರ ಎದುರು 60ರ ಹತ್ತಿರ ಇತ್ತು. ಅಂದರೆ ಅವನು ತೋರಿಸಿದ್ದು ನಿಮಗೆ ಅನುಕೂಲದ ಎಲೆ, ಆದರೂ ನೀವು ಗೆರೆಯ ಮೇಲೇ ಇದ್ದಿರಿ. ಅವನು ಹಾಗೆ ಆಲ್-ಇನ್ ಹಾಕುವ ಎಲೆಗಳಲ್ಲಿ ಎಕ್ಕ-ರಾಣಿ, ಎಕ್ಕ-ರಾಜ, ಸಣ್ಣ ದೊಡ್ಡ ಜೋಡಿಗಳೂ ಇರುತ್ತವೆ. ಒಳ್ಳೆಯ 20 ಪರ್ಸೆಂಟ್ ಎಲೆಗಳಿಗೆ ಮಾತ್ರ ಹಾಕುವವನಾದರೆ ಎಕ್ಕ-ಗುಲಾಮ 50ರ ಆಸುಪಾಸಿಗೆ ಇಳಿಯುತ್ತದೆ. ಅವನು ನಿಜವಾಗಿಯೂ ಯಾವ ಎಲೆಗಾದರೂ ಹಾಕುತ್ತಿದ್ದ ಅಂದರೆ ನಿಮ್ಮ ಕಾಲ್ ಅಷ್ಟೇನೂ ಕೆಟ್ಟದ್ದಲ್ಲ. ಸ್ವಲ್ಪ ಎಲೆ ನೋಡಿ ಹಾಕುತ್ತಿದ್ದರೂ ಕೆಟ್ಟದ್ದೇ.

ಇಷ್ಟೆಲ್ಲ ಲೆಕ್ಕಕ್ಕಿಂತ ದೊಡ್ಡ ಕಾರಣ ನಿಮ್ಮ ಎಡಕ್ಕೇ ಕೂತಿತ್ತು. ಆ 6,000 ಚಿಪ್ಸ್‌ನವನು. ನೀವು ಬಿಗ್ ಬ್ಲೈಂಡ್ ಅಂದರೆ ಮುಂದಿನ ಹ್ಯಾಂಡ್‌ಗೆ ಬಿಗ್ ಬ್ಲೈಂಡ್ ಅವನು. ಬ್ಲೈಂಡ್ 2,000, ಆ್ಯಂಟಿ 2,000, ಎಲೆ ನೋಡುವ ಮೊದಲೇ 4,000 ಹೋಗುತ್ತಿತ್ತು. ಉಳಿಯುವುದು 2,000. ಅದಾದ ಮರು ಹ್ಯಾಂಡ್‌ಗೆ ಸ್ಮಾಲ್ ಬ್ಲೈಂಡ್ 1,000. ಅವನು ಎಂಥ ಎಲೆಗಾದರೂ ಕಾಲ್ ಮಾಡಲೇಬೇಕಾದ ಸ್ಥಿತಿ. ಆ ಕಡೆ ಟೇಬಲ್‌ನಲ್ಲಿ 10,000 ಇದ್ದವನಿಗೂ ಹೆಚ್ಚು ಟೈಮ್ ಇರಲಿಲ್ಲ. ನೀವು ಎಕ್ಕ-ಗುಲಾಮ ಮಡಚಿಟ್ಟು ಒಂದೆರಡು ಹ್ಯಾಂಡ್ ತಡೆದಿದ್ದರೆ ಸಾಕಿತ್ತು. ಆ 6,000ದವನು ಒಮ್ಮೊಮ್ಮೆ ಗೆದ್ದು ಬದುಕುತ್ತಾನೆ, ಇಲ್ಲ ಅನ್ನಲ್ಲ. ಆದರೂ 20 ಬಿಗ್ ಬ್ಲೈಂಡ್‌ನಷ್ಟು ಚಿಪ್ಸ್ ಇದ್ದವರು 3 ಬಿಗ್ ಬ್ಲೈಂಡ್ ಇದ್ದವನಿಗಿಂತ ಮೊದಲು ಹೊರಗೆ ಹೋಗುವುದು ಬಬಲ್‌ನಲ್ಲಿ ಅತ್ಯಂತ ದುಬಾರಿ ಕೆಲಸ.

ಅದಕ್ಕೇ ಬಬಲ್ ಹತ್ತಿರ ಬಂದಾಗ ನಿಮ್ಮ ಎಲೆ ನೋಡುವ ಮೊದಲು ಸಣ್ಣ ಸ್ಟ್ಯಾಕ್‌ಗಳನ್ನು ನೋಡಿ. ಯಾರ ಹತ್ತಿರ ಎಷ್ಟಿದೆ, ಬ್ಲೈಂಡ್ ಅವರ ಹತ್ತಿರ ಯಾವಾಗ ಬರುತ್ತದೆ. ಲೈವ್ ಟೂರ್ನಮೆಂಟ್‌ನಲ್ಲಿ ಈ ಹೊತ್ತಿಗೆ ಹ್ಯಾಂಡ್-ಫಾರ್-ಹ್ಯಾಂಡ್ ಶುರುವಾಗಿರುತ್ತದೆ, ಎರಡೂ ಟೇಬಲ್ ಒಂದೊಂದು ಹ್ಯಾಂಡ್ ಮುಗಿಸಿ ಒಬ್ಬರಿಗೊಬ್ಬರು ಕಾಯುತ್ತಾರೆ. ಆ ಬಿಡುವಿನಲ್ಲಿ ಎದ್ದು ಹೋಗಿ ಆ ಕಡೆ ಟೇಬಲ್ ನೋಡಿಕೊಂಡು ಬನ್ನಿ. ಸಾಮಾನ್ಯವಾಗಿ ಯಾರೂ ಬೇಡ ಅನ್ನಲ್ಲ. ಚಾ ಕುಡಿಯುವುದನ್ನು ಆಮೇಲೆ ಇಟ್ಟುಕೊಳ್ಳಿ. ಬೇಕಂತಲೇ ನಿಧಾನ ಮಾಡಿ ಬಬಲ್ ದಾಟುವವರೂ ಇರುತ್ತಾರೆ. ಹ್ಯಾಂಡ್-ಫಾರ್-ಹ್ಯಾಂಡ್ ಇರುವಾಗ ಅದರಿಂದ ಏನೂ ಸಿಗಲ್ಲ, ಟೇಬಲ್‌ನವರು ಕ್ಲಾಕ್ ಕರೆಯುತ್ತಾರೆ (ನಿರ್ಧರಿಸಲು ಗಡುವು ಹಾಕಿಸುತ್ತಾರೆ) ಅಷ್ಟೆ.

ಇನ್ನು ನಿಮ್ಮ ಗೆಳೆಯರ ಮಾತು, ಎಲ್ಲಾ ಫೋಲ್ಡ್ ಮಾಡುವುದು. ಪ್ರತಿ ಸುತ್ತಿಗೆ ನಿಮಗೆ ಬ್ಲೈಂಡ್, ಆ್ಯಂಟಿ ಸೇರಿ 5,000 ಖರ್ಚು. ಎರಡು ಸುತ್ತು ಸುಮ್ನೆ ಕೂತರೆ 44,000 ಹೋಗಿ 34,000 ಆಗುತ್ತದೆ. ಬಬಲ್ ಎಳೆದಷ್ಟೂ ಹೋರಾಡುವ ಚಿಪ್ಸ್ ಕರಗುತ್ತವೆ, ಕೊನೆಗೆ ಸಣ್ಣ ಬಹುಮಾನ ತಗೊಂಡು ವಾಪಸ್ ಬರುವುದೇ ಆಗುತ್ತದೆ. ಮೇಲಿನ ಸ್ಥಾನಗಳಲ್ಲಿ ರೊಕ್ಕ ಜಾಸ್ತಿ ಇರುವ ಟೂರ್ನಮೆಂಟ್‌ನಲ್ಲಿ ಹೀಗೆ ಆಡಿ ಪ್ರಯೋಜನವಿಲ್ಲ.

ನಾನು ಹೇಳುವುದು ಇಷ್ಟೆ: ಕಾಲ್ ಮಾಡುವ ಧೈರ್ಯ ಕಡಿಮೆ ಮಾಡಿ, ಮೊದಲು ಹಾಕುವ ಧೈರ್ಯ ಜಾಸ್ತಿ ಮಾಡಿ. ಕಾಲ್ ಮಾಡಿದರೆ ಗೆಲ್ಲಲು ಒಂದೇ ದಾರಿ, ಎಲೆ ಗೆಲ್ಲಬೇಕು. ನೀವೇ ಮೊದಲು ಆಲ್-ಇನ್ ಅಂದರೆ ಎರಡು ದಾರಿ, ಎದುರಿನವನು ಬಿಟ್ಟುಹೋಗಬಹುದು, ಇಲ್ಲವೇ ಎಲೆ ಗೆಲ್ಲಬಹುದು. ದೊಡ್ಡ ಸ್ಟ್ಯಾಕ್‌ನವನು ನಿಮ್ಮ ಮೇಲೆ ಹಾಕುತ್ತಿರುವ ಒತ್ತಡವನ್ನು ನೀವು ಬೇರೆಯವರ ಮೇಲೆ ಹಾಕಬಹುದು. ಯಾರ ಮೇಲೆ? ನಿಮ್ಮ ಹಾಗೆಯೇ 15-25 ಬಿಗ್ ಬ್ಲೈಂಡ್ ಇಟ್ಟುಕೊಂಡು ಕೈ ಬಿಗಿಹಿಡಿದು ಕೂತ ನಡುವಿನವರ ಮೇಲೆ, ಅದರಲ್ಲೂ ನಿಮಗಿಂತ ಸ್ವಲ್ಪ ಕಡಿಮೆ ಇರುವವರ ಮೇಲೆ. ಅವರೂ ನಿಮ್ಮದೇ ಲೆಕ್ಕ ಹಾಕುತ್ತಿರುತ್ತಾರೆ, ಅವರೂ ಎಕ್ಕ-ಹತ್ತು ಫೋಲ್ಡ್ ಮಾಡುತ್ತಾರೆ. 3 ಬಿಗ್ ಬ್ಲೈಂಡ್ ಇರುವವನ ಬ್ಲೈಂಡ್ ಕದಿಯಲು ಹೋಗಬೇಡಿ. ಅವನು ಹೇಗೂ ಕಾಲ್ ಮಾಡುತ್ತಾನೆ, ಅವನೆದುರು ನಿಮಗೆ ನಿಜವಾಗಿಯೂ ಎಲೆ ಬೇಕು.

ದೊಡ್ಡವನು ಎಲ್ಲಿ ಕೂತಿದ್ದಾನೆ ಅನ್ನುವುದೂ ಮುಖ್ಯ. ಅವನು ನಿಮ್ಮ ಎಡಕ್ಕಿದ್ದರೆ ನಿಮ್ಮ ಟೈಮ್ ಸರಿಯಿಲ್ಲ ಅಂತಲೇ ತಿಳಿದುಕೊಳ್ಳಿ. ನೀವು ರೇಸ್ (raise, ಅಂದರೆ ಪಣ ಏರಿಸುವುದು) ಮಾಡಿದ ಮೇಲೆ ಅವನು ಆಡುತ್ತಾನೆ, ಸುಮ್ನೆ ಮೇಲೆ ಬಿದ್ದು ನಿಮ್ಮನ್ನು ಓಡಿಸುತ್ತಾನೆ. ಅಂಥ ಕಡೆ ಎಕ್ಕ-ಒಂಬತ್ತು, ರಾಜ-ಹತ್ತು ಇಟ್ಟುಕೊಂಡು ಸಣ್ಣ ರೇಸ್ ಮಾಡಿ ಆಮೇಲೆ ಬಿಟ್ಟುಕೊಡುವುದು ಚಿಪ್ಸ್ ದಾನ ಮಾಡಿದ ಹಾಗೆ. ಕಡಿಮೆ ಹ್ಯಾಂಡ್ ಆಡಿ. ಆಡಿದರೆ ಅವನು ಮೇಲೆ ಬಿದ್ದಾಗ ನಿಲ್ಲುವ ಎಲೆಗಳನ್ನೇ ಆಡಿ.

ನಿಮಗೆ ಆಗಿದ್ದು ಹಾಗಲ್ಲ. ನೀವು ಬಿಗ್ ಬ್ಲೈಂಡ್, ಅವನು ಬಟನ್. ಅಂದರೆ ಅವನು ನಿಮ್ಮ ಬಲಕ್ಕಿದ್ದ, ನಿಮಗಿಂತ ಮೊದಲು ಆಡುತ್ತಿದ್ದ. ಇದು ಒಳ್ಳೆಯ ಜಾಗ. ಅವನು ಆಲ್-ಇನ್ ಹಾಕದೆ ಮಾಮೂಲಿ 4,400ಕ್ಕೆ ರೇಸ್ ಮಾಡಿದ ಸಲಗಳೂ ಇದ್ದಿರಬೇಕು, ಅಲ್ವಾ? ಅಲ್ಲಿ ನಿಮಗೆ ಅವಕಾಶ ಇತ್ತು. ಆಗ ಪಾಟ್‌ನಲ್ಲಿ ಅವನ 4,400, ನಿಮ್ಮ ಬ್ಲೈಂಡ್-ಆ್ಯಂಟಿ 4,000, ಸ್ಮಾಲ್ ಬ್ಲೈಂಡ್ 1,000, ಒಟ್ಟು 9,400. ನೀವು 40,000 ಪೂರ್ತಿ ಒಳಗೆ ತಳ್ಳಿದಿರಿ ಅನ್ನಿ. ಅವನು ನೂರರಲ್ಲಿ 60 ಹ್ಯಾಂಡ್ ರೇಸ್ ಮಾಡುವವನು, ನಿಮ್ಮ ಆಲ್-ಇನ್‌ಗೆ ಕಾಲ್ ಮಾಡುವ ಎಲೆ ಅವನಿಗೆ ನೂರರಲ್ಲಿ 15 ಅಂತಿದ್ದರೆ, ನಾಲ್ಕರಲ್ಲಿ ಮೂರು ಸಲ ಫೋಲ್ಡ್ ಮಾಡುತ್ತಾನೆ. ಪ್ರತಿ ಸಲ ನಿಮ್ಮ ಸ್ಟ್ಯಾಕ್ 40,000ದಿಂದ 49,400 ಆಗುತ್ತದೆ, ಫ್ಲಾಪ್ (ಮೇಜಿನ ಮೇಲೆ ಬೀಳುವ ಮೊದಲ ಮೂರು ಎಲೆ) ಕೂಡ ನೋಡದೆ.

ಇದಕ್ಕೆ ಯಾವ ಎಲೆ? ಎಕ್ಕ ಇರುವ ಎಲೆ ಒಳ್ಳೆಯದು. ನಿಮ್ಮ ಕೈಲಿ ಒಂದು ಎಕ್ಕ ಇದ್ದರೆ ಅವನ ಕೈಲಿ ಎಕ್ಕ-ರಾಜ, ಜೋಡಿ ಎಕ್ಕ ಇರುವ ಸಾಧ್ಯತೆ ಇಳಿಯುತ್ತದೆ. ಒಂದೇ ಬಣ್ಣದ ಎಕ್ಕ-ಐದು ಈ ಕೆಲಸಕ್ಕೆ ಚೆನ್ನಾಗಿರುತ್ತದೆ, ಯಾಕೆಂದರೆ ಕಾಲ್ ಆದರೂ ಪೂರ್ತಿ ಸತ್ತಿರಲ್ಲ. ನಿಮ್ಮ ಎಕ್ಕ-ಗುಲಾಮ ಅಂತೂ ಬೇಕಾದಷ್ಟಾಯಿತು. ನೋಡಿ, ಅವನು ಆಲ್-ಇನ್ ಅಂದಾಗ ಮಡಚಬೇಕಾದ ಎಲೆ, ಅವನು ಸಣ್ಣ ರೇಸ್ ಮಾಡಿದಾಗ ಆಲ್-ಇನ್ ಹಾಕುವ ಎಲೆ. ಈ ವ್ಯತ್ಯಾಸ ಕೈಗೆ ಬಂದರೆ ಅರ್ಧ ಬಬಲ್ ಬಂದ ಹಾಗೆ.

ಆದರೆ ಲೆಕ್ಕಕ್ಕೂ ಮಿತಿ ಇಟ್ಟುಕೊಳ್ಳಿ. ಪಕ್ಕದಲ್ಲಿ 6,000ದವನು ಮುಂದಿನ ಹ್ಯಾಂಡ್‌ಗೆ ಸಾಯುವ ಹಾಗಿದ್ದಾಗ ಈ ಆಟ ಕಡಿಮೆ ಮಾಡಿ. ಕಾಲ್ ಆಗಿ ಸೋಲುವ ಸಣ್ಣ ಸಾಧ್ಯತೆಯೂ ಆಗ ತುಟ್ಟಿ. ಸಣ್ಣವರು ಯಾರೂ ಇಲ್ಲದಾಗ, ಎಲ್ಲರ ಹತ್ತಿರ ಹತ್ತೋ ಹದಿನೈದೋ ಬಿಗ್ ಬ್ಲೈಂಡ್ ಇದ್ದು ಬಬಲ್ ಎಳೆಯುತ್ತಾ ಹೋಗುವಾಗ, ಇದೇ ನಿಮ್ಮ ಮುಖ್ಯ ಆಯುಧ. ಮತ್ತೆ ಎದುರಿನವನು ಫೋಲ್ಡ್ ಮಾಡಬಲ್ಲವನಾಗಿರಬೇಕು. ಕೆಲವರು ಚಿಪ್ಸ್ ಜಾಸ್ತಿ ಇದೆ ಅಂತ ಎಲ್ಲದಕ್ಕೂ ಕಾಲ್ ಮಾಡುತ್ತಾರೆ. ಅಂಥವನ ಎದುರು ಬ್ಲಫ್ ಪೂರ್ತಿ ನಿಲ್ಲಿಸಿ. ಒಳ್ಳೆ ಎಲೆ ಬಂದಾಗ ಹಾಕಿ, ಅವನೇ ಕೊಡುತ್ತಾನೆ.

ಬಿಗ್ ಬ್ಲೈಂಡ್‌ನಿಂದ ಬರೀ ಕಾಲ್ ಮಾಡಿ ಫ್ಲಾಪ್ ನೋಡುವುದರ ಬಗ್ಗೆ ನೀವು ಕೇಳಿಲ್ಲ, ಆದರೂ ಒಂದು ಮಾತು. ಅವನ 4,400ಕ್ಕೆ ನೀವು ಸೇರಿಸಬೇಕಾದದ್ದು 2,400, ಗೆಲ್ಲುವುದು 9,400. ರೇಟು ಒಳ್ಳೆಯದು, ಹಾಗಾಗಿ ಎಲ್ಲವನ್ನೂ ಮಡಚಬಾರದು. ಆದರೆ ಫ್ಲಾಪ್, ಟರ್ನ್ (ನಾಲ್ಕನೇ ಎಲೆ), ರಿವರ್ ಮೂರರಲ್ಲೂ ಅವನು ಹಾಕುತ್ತಾ ಬರುತ್ತಾನೆ, ಪ್ರತಿ ಸಲವೂ ನಿಮ್ಮ ಟೂರ್ನಮೆಂಟ್ ಪಣಕ್ಕೆ ಬರುತ್ತದೆ. ರಾಜ-ಎರಡು, ರಾಣಿ-ನಾಲ್ಕು ಥರದ ಎಲೆಗೆ ಕಾಲ್ ಮಾಡಿ ನಡುವಿನ ಜೋಡಿ ಬಂದರೆ ಏನು ಮಾಡುತ್ತೀರಿ? ಆ ತಲೆನೋವೇ ಬೇಡ. ಒಂದೇ ಬಣ್ಣದ, ಅಕ್ಕಪಕ್ಕದ ಎಲೆಗಳಿಗೆ ಕಾಲ್ ಮಾಡಿ, ತಾಗದಿದ್ದರೆ ಬಿಟ್ಟುಬಿಡಿ.

ಒಂದು ಸಲಕ್ಕೆ ನೀವೇ ಎಲ್ಲರಿಗಿಂತ ಸಣ್ಣವರು ಅನ್ನಿ, 6 ಬಿಗ್ ಬ್ಲೈಂಡ್. ಆಗ ಮೇಲೆ ಹೇಳಿದ ತಾಳ್ಮೆ ಕೆಲಸಕ್ಕೆ ಬರಲ್ಲ. ಕಾಯಲು ನಿಮ್ಮ ಹಿಂದೆ ಯಾರೂ ಇಲ್ಲ. ಬ್ಲೈಂಡ್ ನಿಮ್ಮನ್ನು ತಿನ್ನುವ ಮೊದಲೇ ಹಾಕಬೇಕು. ಮೂರಕ್ಕೆ ಇಳಿದ ಮೇಲೆ ಹಾಕಿದರೆ ಯಾರೂ ಹೆದರಲ್ಲ. ಇನ್ನೊಂದು ಕಡೆ, ನೀವು ಎರಡನೇ ದೊಡ್ಡವರಾಗಿದ್ದರೆ ಟೇಬಲ್‌ನ ಮೊದಲ ದೊಡ್ಡವನಿಂದ ದೂರ ಇರಿ. ಮಿಕ್ಕವರ ಮೇಲೆ ದರ್ಬಾರು ಮಾಡಲು ಚಿಪ್ಸ್ ಇದ್ದಾಗ, ನಿಮ್ಮನ್ನು ಹೊರಹಾಕಬಲ್ಲ ಒಬ್ಬನೇ ಒಬ್ಬನ ಜೊತೆ ದೊಡ್ಡ ಪಾಟ್ ಯಾಕೆ? ಅತಿ ಹೆಚ್ಚು ಕಳೆದುಕೊಳ್ಳುವವರು ಈ ಎರಡನೆಯವರೇ.

ಬಹುಮಾನ ಹೇಗೆ ಹಂಚುತ್ತಾರೆ ಅನ್ನುವುದನ್ನು ಆಟ ಶುರುವಾಗುವ ಮೊದಲೇ ನೋಡಿಕೊಳ್ಳಿ. ಸ್ಯಾಟಲೈಟ್ ಅಂತಾರಲ್ಲ, ಗೆದ್ದವರಿಗೆ ರೊಕ್ಕದ ಬದಲು ದೊಡ್ಡ ಟೂರ್ನಮೆಂಟ್‌ನ ಟಿಕೆಟ್ ಕೊಡುವುದು, ಅಲ್ಲಿ 10 ಟಿಕೆಟ್ ಇದ್ದರೆ ಮೊದಲನೆಯವನಿಗೂ ಹತ್ತನೆಯವನಿಗೂ ಒಂದೇ ಟಿಕೆಟ್. 11 ಮಂದಿ ಉಳಿದಿದ್ದು ನಿಮ್ಮ ಹತ್ತಿರ ಬೇಕಾದಷ್ಟು ಚಿಪ್ಸ್ ಇದ್ದರೆ ಜೋಡಿ ಎಕ್ಕ ಕೂಡ ಫೋಲ್ಡ್ ಮಾಡಬೇಕಾಗುತ್ತದೆ. ಇನ್ನೂ ಜಾಸ್ತಿ ಚಿಪ್ಸ್ ತಗೊಂಡು ಏನು ಮಾಡುತ್ತೀರಿ? ಅಂಥ ಕಡೆ ಮಾತ್ರ ನಿಮ್ಮ ಗೆಳೆಯರು ಹೇಳುವುದು ನೂರಕ್ಕೆ ನೂರು ಸರಿ.

ಐಸಿಎಂ ಕೂಡ ವೇದವಾಕ್ಯ ಅಲ್ಲ. ಮುಂದಿನ ಹ್ಯಾಂಡ್‌ಗೆ ಬ್ಲೈಂಡ್ ಯಾರದು, ಯಾರು ಚೆನ್ನಾಗಿ ಆಡುತ್ತಾರೆ, ಯಾರು ಎಲ್ಲಿ ಕೂತಿದ್ದಾರೆ, ಇದೊಂದೂ ಆ ಸೂತ್ರಕ್ಕೆ ಗೊತ್ತಿಲ್ಲ. ನಿಮ್ಮ ಎಡಗಡೆಯ 6,000ದವನು ಮುಂದಿನ ಹ್ಯಾಂಡ್‌ಗೇ ಮುಗಿಯಬಹುದು ಅನ್ನುವುದು ಅದರಲ್ಲಿ ಬರಲ್ಲ, ಅದನ್ನು ನಿಮ್ಮ ಕಣ್ಣೇ ನೋಡಬೇಕು.

ಅಭ್ಯಾಸದ ಬಗ್ಗೆ. 2025ರ ಆಗಸ್ಟ್‌ನಲ್ಲಿ ಸಂಸತ್ತು ಮಾಡಿದ ಆನ್‌ಲೈನ್ ಗೇಮಿಂಗ್ ಕಾಯ್ದೆ ರೊಕ್ಕ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿದೆ, ಪೋಕರ್ ಕೂಡ ಅದರಲ್ಲಿ ಬಂತು. ಹಾಗಾಗಿ ರೊಕ್ಕದ ಆ್ಯಪ್ ಹುಡುಕಬೇಡಿ. ಸೇಡಂ ರೋಡಿನ ನಿಮ್ಮ ಭಾನುವಾರದ ಟೇಬಲ್ಲೇ ಸಾಕು, ಅಲ್ಲಿಯೂ ಈಗಿನ ಹಾಗೆ ಬರೀ ಚಿಪ್ಸ್ ಇರಲಿ.

ಹೀಗೆ ಮಾಡಿ. ಪೂರ್ತಿ ಟೂರ್ನಮೆಂಟ್ ಆಡುವ ಬದಲು ಸೀದಾ ಬಬಲ್‌ನಿಂದ ಶುರು ಮಾಡಿ. ನಾಲ್ಕು ಮಂದಿ ಕೂರಿ, ಚಿಪ್ಸ್ 50,000, 30,000, 10,000, 10,000 ಹಂಚಿ. ಬ್ಲೈಂಡ್ 1,000-2,000. ಅಂಕ 50, 30, 20, ನಾಲ್ಕನೆಯವನಿಗೆ ಸೊನ್ನೆ. ಮಿಕ್ಕ ಒಬ್ಬಿಬ್ಬರು ಪಕ್ಕದಲ್ಲಿ ಕೂತು ಅಂಕ ಬರೆಯಲಿ. ಒಬ್ಬ ಹೊರಗೆ ಹೋದ ಕೂಡಲೇ ಆಟ ನಿಲ್ಲಿಸಿ, ಉಳಿದವರ ಚಿಪ್ಸ್‌ಗೆ ಮೇಲಿನ ಸೂತ್ರದಲ್ಲಿ ಬೆಲೆ ಕಟ್ಟಿ, ಬರೆದುಕೊಳ್ಳಿ. ಆಮೇಲೆ ಒಂದೊಂದು ಕುರ್ಚಿ ಸರಿದು ಮತ್ತೆ ಅದೇ ಚಿಪ್ಸ್‌ನಿಂದ ಆಡಿ. ಪ್ರತಿಯೊಬ್ಬನೂ ದೊಡ್ಡವನ ಕುರ್ಚಿಯಲ್ಲೂ 30,000ದ ಕುರ್ಚಿಯಲ್ಲೂ ನಾಲ್ಕೈದು ಸಲವಾದರೂ ಕೂರಬೇಕು. 30,000ದ ಕುರ್ಚಿಯಲ್ಲಿ ಯಾರು ಜಾಸ್ತಿ ಸಲ ಕಾಲ್ ಮಾಡಿದರು, ಅವರ ಅಂಕ ಎಷ್ಟಾಯಿತು ಅಂತ ಬೇರೆ ಕಾಲಂ ಹಾಕಿ. ಲೆಕ್ಕ ಬರೆಯುವವರು ನೀವೇ ಇದ್ದೀರಿ, ಅದು ಕಷ್ಟ ಆಗಲ್ಲ. ಬಟನ್ ಯಾರ ಹತ್ತಿರ ಶುರುವಾಗುತ್ತದೆ ಅನ್ನುವುದನ್ನೂ ಪ್ರತಿ ಸುತ್ತಿಗೆ ಬದಲಿಸಿ. ಇಲ್ಲದಿದ್ದರೆ ಯಾವಾಗಲೂ ಒಂದೇ ಕುರ್ಚಿಯವನಿಗೆ ಮೊದಲ ಬ್ಲೈಂಡ್ ಬಿದ್ದು ಅಂಕಗಳೆಲ್ಲ ವಾಲುತ್ತವೆ.